ಚಾರ್ಜರಿನ ಹೊಟ್ಟೆಯೊಳಗಿನ ಕಬ್ಬಿಣ

ಏನೂ ಬಾರದವನಿಗೆ ಈ ಲೋಕದಲ್ಲಿ ಅಂಥ ತೊಂದರೆಯೇನಿಲ್ಲ. ನಾಲ್ಕು ಜನರನ್ನು ಕೇಳಿಕೊಂಡು ಸುಖವಾಗಿ ಬದುಕುತ್ತಾನೆ. ಎಲ್ಲವೂ ಬರುವವನ ಮಾತು ಬಿಡಿ, ಅಂಥವನನ್ನು ನಾನಿನ್ನೂ ಕಂಡಿಲ್ಲ. ಪಾಡು ಕೆಡುವುದು ನಡುವಿನವನದು. ಅವನಿಗೆ ಒಂದು ವಿದ್ಯೆ ಬರುತ್ತದೆ, ಆ ಒಂದೇ ವಿದ್ಯೆ ಎಲ್ಲ ಕಡೆಗೂ ನಡೆಯುತ್ತದೆ ಎಂದುಕೊಂಡಿರುತ್ತಾನೆ. ಅಂಥವರದೊಂದು ಸಂಘ ಕಟ್ಟುವುದಾದರೆ ಅಧ್ಯಕ್ಷನಾಗಲು ನಾನು ಸಿದ್ಧ. ಚುನಾವಣೆಯ ಅಗತ್ಯವೂ ಬೀಳಲಿಕ್ಕಿಲ್ಲ.

ನನಗೆ ಬರುವ ವಿದ್ಯೆ ಸೀರೆಯದು. ಇಳಕಲ್ಲಿನ ಒಂದು ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಅರ್ಧ ಆಯುಷ್ಯ ಕಳೆದಿದ್ದೇನೆ. ಕೈಮಗ್ಗದ್ದು ಯಾವುದು, ಪಾವರ್‌ಲೂಮಿನದು ಯಾವುದು ಎಂದು ಹೇಳಲು ನನಗೆ ಕಣ್ಣು ಬೇಡ, ಕೈ ಸಾಕು. ಈ ಕೈ ನಮ್ಮ ಆಯಿಯ, ಅಂದರೆ ಅಜ್ಜಿಯ, ಕೊಡುಗೆ. ನಮ್ಮಲ್ಲಿ ಸೀರೆಯ ಮೈಯ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ, ಪಾವರ್‌ಲೂಮಿನ ಸೀರೆಗೆ ಆ ಕೊಂಡಿ ಇರುವುದಿಲ್ಲ. ಆಯಿ ಆ ಕೊಂಡಿ ಹಾಕುವುದರಲ್ಲಿಯೇ ಮುದುಕಿಯಾದವಳು. "ಮಾರಿ ನೋಡಿ ಮರುಳಾಗಬ್ಯಾಡೋ ಸಂಗ್ಯಾ, ಬೆನ್ನ ನೋಡು" ಎನ್ನುತ್ತಿದ್ದಳು. ಸೀರೆಯನ್ನು ತಿರುವಿ ಹಾಕು, ಅಂಗೈಯಲ್ಲಿ ತೂಗು, ಕೊಂಡಿಯ ಮೇಲೆ ಬೆರಳಾಡಿಸು, ಇಷ್ಟೇ ಪಾಠ. ಹೊಲವಿಲ್ಲ, ಸ್ವಂತ ಅಂಗಡಿಯಿಲ್ಲ. ಊರಿನಲ್ಲಿ ನನಗೊಂದು ಮಾನ ಇದ್ದರೆ ಅದು ಈ ಬಲಗೈಯಿಂದ. ಬಾದಾಮಿಯ ಗುಹೆ ನೋಡಿ ಬಂದವರು, ಹುನಗುಂದದ ಮದುವೆ ಮನೆಯವರು, ಬೇರೆಲ್ಲೋ ಕೊಂಡ ಸೀರೆಯನ್ನು ನಮ್ಮ ಅಂಗಡಿಗೆ ತಂದು ನನ್ನ ಮುಂದೆ ಹಾಸುತ್ತಾರೆ. ನಾನು ಮುಟ್ಟಿ ತೀರ್ಪು ಕೊಡುತ್ತೇನೆ. ತೀರ್ಪನ್ನು ಮೆಲ್ಲಗೆ ಕೊಟ್ಟವನೂ ಅಲ್ಲ. ಒಮ್ಮೆ ಬಾಗಲಕೋಟೆಯ ಒಬ್ಬ ಗೃಹಸ್ಥರು ಹೆಂಡತಿಗೆ ಕೊಡಿಸಿದ ಸೀರೆಯನ್ನು ಆಕೆಯ ಎದುರಿಗೇ ತೋರಿಸಿದರು. "ಖೊಟ್ಟಿ ಮಾಲರೀ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದೆ. ಆಕೆ ಸೀರೆಯನ್ನು ಬಿಟ್ಟು ಗಂಡನನ್ನು ನೋಡಿದ ರೀತಿ ಈಗಲೂ ನೆನಪಿದೆ. ಆ ಗೃಹಸ್ಥರು ಮತ್ತೆ ಇಳಕಲ್ಲಿಗೆ ಬಂದಂತಿಲ್ಲ. ಸತ್ಯ ಕಹಿಯಿರುತ್ತದೆ ಎಂದು ಆಗ ನನ್ನನ್ನು ನಾನೇ ಹೊಗಳಿಕೊಂಡಿದ್ದೆ.

ಹೀಗಿರುವಾಗ ನನ್ನ ಹೆಂಡತಿ ಗಿರಿಜಾಳ ಮೊಬೈಲ್ ಚಾರ್ಜರಿನ ವಾಯರನ್ನು ಇಲಿ ಕಡಿಯಿತು. ಮೈಬೂಬನ ಅಂಗಡಿಯಿಂದ ಹೊಸದು ತನ್ನಿರಿ ಎಂದಳು. ಮೈಬೂಬ ನನ್ನ ಓಣಿಯ ಗೆಳೆಯ. ಅವರಪ್ಪ ನಮ್ಮ ಮನೆಯ ನೂಲಿಗೆ ಬಣ್ಣ ಹಾಕುತ್ತಿದ್ದರು, ಇವನು ಬಣ್ಣ ಬಿಟ್ಟು ಮೊಬೈಲ್ ರಿಪೇರಿಗೆ ಕೂತವನು. ಚಾರ್ಜರಿನಂಥ ಚಿಲ್ಲರೆ ವಸ್ತುವಿಗೂ ಒಬ್ಬರನ್ನು ಕೇಳಬೇಕೇ ಎಂದು ನನಗೆ ಅನ್ನಿಸಿತು. ಮರುದಿನ ಅಂಗಡಿಯ ಕೆಲಸಕ್ಕೆ ಬಾಗಲಕೋಟೆಗೆ ಹೋದಾಗ ರಸ್ತೆಯ ಬದಿಯಲ್ಲಿ ಒಬ್ಬ ಪ್ಲಾಸ್ಟಿಕ್ ಹಾಳೆಯ ಮೇಲೆ ಚಾರ್ಜರುಗಳ ರಾಶಿ ಹಾಕಿಕೊಂಡು ಕೂತಿದ್ದ. ಎಲ್ಲವೂ ದೊಡ್ಡ ಕಂಪನಿಯ ಹೆಸರಿನವೇ. ನಾನು ಧೋತರ ಸರಿಮಾಡಿಕೊಂಡು ಕುಕ್ಕರಗಾಲಿನಲ್ಲಿ ಕೂತೆ. ಒಂದೊಂದನ್ನೇ ಎತ್ತಿ ಬೆನ್ನು ನೋಡಿದೆ, ಅಂಗೈಯಲ್ಲಿ ತೂಗಿದೆ. ಹತ್ತಿಪ್ಪತ್ತು ಹಗುರಾಗಿದ್ದವು, ಜೊಳ್ಳು. ಅಷ್ಟರಲ್ಲಿ ಒಂದು ಕೈಗೆ ಬಂತು ನೋಡಿ, ಗಟ್ಟಿ, ಘನ, ಆಯಿಯ ಕಾಲದ ಸೀರೆಯ ಹಾಗೆ ಕೈ ತುಂಬುವಂಥದ್ದು. ಅದರ ಬೆನ್ನಿನ ಸ್ಟಿಕ್ಕರು ಬಿಸಿಲಿಗೆ ಏಳು ಬಣ್ಣ ಮಿಂಚುತ್ತಿತ್ತು. ಮಾರುವವನು ನನ್ನನ್ನೇ ನೋಡುತ್ತಿದ್ದವನು, ಕೈ ಭಾಳ ಪಕ್ಕಾ ಐತ್ರಿ ನಿಮ್ದು ಎಂದ. ಆ ಹೊಗಳಿಕೆಯನ್ನು ಬಸ್ಸಿನಲ್ಲಿ ಇಳಕಲ್ಲಿನವರೆಗೆ ಚಪ್ಪರಿಸುತ್ತ ಬಂದೆ.

ಮೊದಲ ದಿನವೇ ಚಾರ್ಜರು ಬಿಸಿಯಾಯಿತು. ಹೊಸದು, ಪಳಗಬೇಕು, ಗಂಜಿ ಹಾಕಿದ ಸೀರೆ ನಾಲ್ಕು ನೀರು ಕಾಣದೆ ಮೈಗೆ ಒಗ್ಗುತ್ತದೆಯೇ ಎಂದು ಸಮಾಧಾನ ಹೇಳಿದೆ. ಎರಡನೆಯ ದಿನದಿಂದ ಮೊಬೈಲಿಗೆ ದೆವ್ವ ಹೊಕ್ಕಿತು. ಚಾರ್ಜಿಗೆ ಇಟ್ಟರೆ ಸಾಕು, ಯಾರೂ ಮುಟ್ಟದೆ ಪರದೆಯ ಮೇಲೆ ತಾನೇ ಒತ್ತಿಕೊಳ್ಳುತ್ತಿತ್ತು, ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ತುಳಸಿಗೇರಿಯಲ್ಲಿರುವ ಗಿರಿಜಾಳ ಅಣ್ಣನವರು ಮನೆಯ ಎಮ್ಮೆ ಸತ್ತ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಾಕಿದ್ದರು. ಅದಕ್ಕೆ ನಮ್ಮ ಮನೆಯಿಂದ ಹದಿನೇಳು ನಗುವ ಮುಖಗಳು ಹೋದವು. ಆ ಎಮ್ಮೆ ಎರಡು ಹೊತ್ತು ಹಾಲು ಕೊಡುತ್ತಿತ್ತು, ನಗುವಂಥದ್ದೇನಿದೆ ಎಂದು ಅವರು ಫೋನು ಮಾಡಿ ಕೇಳಿದರು. ಗಿರಿಜಾ ಫೋನನ್ನು ನನ್ನ ಕೈಗೆ ಕೊಟ್ಟಳು. ಸತ್ತ ಎಮ್ಮೆಯ ಗುಣಗಾನವನ್ನು ಅರ್ಧ ತಾಸು ಮಾಡಿದೆ. ಆಗಲಾದರೂ ಚಾರ್ಜರಿನ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ. ತೂಕದ ವಸ್ತು, ಮೋಸವಿರಲಾರದು, ಮೊಬೈಲೇ ಹಳೆಯದು ಎಂದು ವಾದಿಸಿದೆ. ನಾಲ್ಕನೆಯ ದಿನ ಸುಟ್ಟ ವಾಸನೆ ಬಂದು, ಟಪ್ ಎಂದು, ಮೊಬೈಲು ಕಣ್ಣು ಮುಚ್ಚಿತು.

ಗಿರಿಜಾ ನನ್ನನ್ನು ಮುಂದೆ ಹಾಕಿಕೊಂಡು ಮೈಬೂಬನ ಅಂಗಡಿಗೆ ನಡೆದಳು. ಅವನು ಚಾರ್ಜರನ್ನು ಕೈಗೆ ತೆಗೆದುಕೊಂಡು ಬೆನ್ನು ನೋಡಲಿಲ್ಲ, ನನ್ನ ಮುಖ ನೋಡಿದ.

"ತೂಗಿ ನೋಡಿ ತಂದಿ, ಹೌದಲ್ಲೋ ಸಂಗಣ್ಣ?"

ಹೌದೆಂದೆ. ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಅವರಿಗೆ ಕಾಣದ ಹಾಗೆ ಮೈಬೂಬ ಬೆನ್ನು ತಿರುಗಿಸಿ ಕೂತು, ಚಾರ್ಜರಿನ ಹೊಟ್ಟೆ ಸೀಳಿದ. ಒಳಗೆ ಬೆರಳುಗುರಿನಷ್ಟು ಸರ್ಕ್ಯೂಟು, ಅದರ ಪಕ್ಕದಲ್ಲಿ ಗೋಂದು ಹಚ್ಚಿ ಅಂಟಿಸಿದ ಒಂದು ಕಬ್ಬಿಣದ ತುಂಡು. ಇದು ಕರೆಂಟಿಗೆ ಏನು ಮಾಡುತ್ತದೆ ಎಂದು ಕೇಳಿದೆ.

"ಇದು ಕರೆಂಟಿಗಲ್ಲೋ, ನಿನ್ನ ಕೈಗೆ ಇಟ್ಟದ್ದು. ತೂಗಿ ನೋಡವ್ರು ಇರ್ತಾರಂತ ಅವ್ರಿಗೂ ಗೊತ್ತೈತಿ" ಎಂದ. ಆಮೇಲೆ ತುಂಡನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. "ಇದರಾಗ ಖರೇದು ಇದೊಂದ ನೋಡಪಾ."

ಎಲ್ಲಿಯೋ ಯಾವುದೋ ಊರಿನಲ್ಲಿ ಕೂತು, ನನ್ನ ಮುಖ ನೋಡದ ಮನುಷ್ಯನೊಬ್ಬ, ಇಳಕಲ್ಲಿನ ಸಂಗಣ್ಣ ನಾಳೆ ಇದನ್ನು ತೂಗುತ್ತಾನೆ ಎಂದು ಎಣಿಸಿ ಕಬ್ಬಿಣ ಕತ್ತರಿಸಿಟ್ಟಿದ್ದ. ಆಯಿಯ ಪಾಠ ಅವನಿಗೂ ಬರುತ್ತಿತ್ತು. ಹಾಗಾದರೆ ಅಸಲಿಯನ್ನು ಗುರುತು ಹಿಡಿಯುವುದು ಹೇಗೆ ಎಂದು ಕೇಳಿದೆ. ಮೈಬೂಬ ಎರಡು ಚಾರ್ಜರು ಪಕ್ಕಪಕ್ಕ ಇಟ್ಟು ಪಾಠ ಹೇಳಿದ: ಅಸಲಿಯ ಅಕ್ಷರಗಳು ಮಂಕಾಗಿ, ಸಣ್ಣಗಿರುತ್ತವೆ, ಖೊಟ್ಟಿಯ ಸ್ಟಿಕ್ಕರು ಮದುಮಗನ ಹಾಗೆ ಮಿಂಚುತ್ತದೆ, ಪ್ಲಾಸ್ಟಿಕ್ಕಿನ ಕೂಡುಗೆರೆ ಉಗುರಿಗೆ ಸಿಗುತ್ತದೆ. ನನಗೆ ಎರಡೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಕೊನೆಗೆ ಅವನೇ, ತನಗೂ ಎರಡು ಸಲ ಮೋಸವಾಗಿದೆ, ಈಗ ವಸ್ತುವನ್ನು ನೋಡುವುದು ಬಿಟ್ಟು ಕೊಡುವವನನ್ನು ನೋಡುತ್ತೇನೆ, ಬಿಲ್ಲು ಕೊಟ್ಟು ನಾಳೆಯೂ ಅಲ್ಲಿಯೇ ಸಿಗುವವನಾದರೆ ಕೊಳ್ಳುತ್ತೇನೆ ಎಂದ. ಮೊಬೈಲನ್ನು ಹೇಗೋ ಬದುಕಿಸಿ, ಬಿಲ್ಲಿನ ಸಮೇತ ಹೊಸ ಚಾರ್ಜರು ಕೊಟ್ಟ. ಅದು ಹಗುರಾಗಿತ್ತು.

ಮೊಬೈಲು ಬದುಕಿತು, ನನ್ನ ಕೈ ಸತ್ತಿತು. ಗಾದಿಯ ಮೇಲೆ ಕೂತು ನಮ್ಮದೇ ಸೀರೆ ಮುಟ್ಟಿದರೂ, ಇದರೊಳಗೆ ನನಗಾಗಿ ಯಾರು ಏನು ಅಡಗಿಸಿಟ್ಟಿದ್ದಾರೋ ಎಂಬ ಭಯ. ಒಂದು ಸೀರೆಯನ್ನು ಮೂರು ಸಲ ತಿರುವತೊಡಗಿದೆ. ಮನೆಯಲ್ಲಿ ಗಿರಿಜಾ ಬದನೆಕಾಯಿ ತರಲು ಕಳಿಸುವಾಗಲೂ, "ತೂಗಿ ನೋಡಿ ತರ್ರಿ, ಒಳಗ ಕಬ್ಬಿಣ ಇದ್ದೀತು" ಎನ್ನುತ್ತಿದ್ದಳು. ಆ ತುಂಡನ್ನು ನಾನು ಬಿಸಾಡಲಿಲ್ಲ. ಅಂಗಡಿಯಲ್ಲಿ ಫ್ಯಾನಿನ ಗಾಳಿಗೆ ಚೀಟಿಗಳು ಹಾರದಂತೆ ಮೇಲಿಡುತ್ತಿದ್ದೆ. ಆ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಹೀಗಿರಲು ಗುಡೂರಿನಿಂದ ಒಬ್ಬ ಹೆಣ್ಣುಮಗಳು ಅತ್ತೆ ನಾದಿನಿಯರ ಸಂಗಡ ಬಂದಳು. ಪಂಚಮಿಗೆ ತವರಿಗೆ ಕರೆಯಲು ಬಂದ ತಮ್ಮ ತಂದ ಸೀರೆಯಂತೆ. ಅಸಲಿ ಇಳಕಲ್ಲೋ ಅಲ್ಲವೋ ಎಂದು ನಾದಿನಿಗೆ ಸಂಶಯ. ಸೀರೆ ನನ್ನ ಮುಂದೆ ಹಾಸಿದರು. ಸೆರಗು ಮೈಗೆ ಕೂಡುವಲ್ಲಿ ಬೆರಳಾಡಿಸಿದೆ. ಕೊಂಡಿ ಇರಲಿಲ್ಲ. ಕೈ ಸತ್ತಿರಲಿಲ್ಲ, ಮೊದಲಿನ ಹಾಗೆಯೇ ಒಂದು ಕ್ಷಣದಲ್ಲಿ ಹೇಳಿಬಿಟ್ಟಿತ್ತು. ತಲೆ ಎತ್ತಿದರೆ ಅತ್ತೆ ನೋಡುತ್ತಿದ್ದಾಳೆ, ನಾದಿನಿ ನಗಲು ತುಟಿ ಸಿದ್ಧ ಮಾಡಿಕೊಂಡಿದ್ದಾಳೆ, ಆ ಹೆಣ್ಣುಮಗಳು ಸೀರೆಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಾಳೆ. ಮೈಬೂಬ ಬೆನ್ನು ತಿರುಗಿಸಿ ಕೂತದ್ದು ನೆನಪಾಯಿತು. ನನಗೆ ತಿರುಗಲು ಜಾಗವಿರಲಿಲ್ಲ.

"ಖರೆ ಐತಿ ಯವ್ವಾ, ಉಟ್ಕೊ" ಎಂದೆ.

ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಬಾಗಲಕೋಟೆಯ ಗೃಹಸ್ಥರ ಋಣವನ್ನೂ ತೀರಿಸಿದಂತೆ ಅನ್ನಿಸಿತು.

ಮುಂದಿನ ವಾರ ಗುಡೂರಿನಿಂದ ಮತ್ತೆ ಮೂವರು ಹೆಂಗಸರು ಬಂದರು. ಮೂರು ಚೀಲ, ಮೂರು ಸೀರೆ, ಒಂದಕ್ಕೂ ಕೊಂಡಿ ಇಲ್ಲ. ತಮ್ಮ ಊರಿಗೆ ಸೀರೆಯ ಗಂಟು ಹೊತ್ತು ಬರುವ ಒಬ್ಬನ ಹತ್ತಿರ ಕೊಂಡದ್ದಂತೆ, ಆ ಹೆಣ್ಣುಮಗಳ ತಮ್ಮ ಕೊಂಡದ್ದೂ ಅವನಲ್ಲಿಯೇ ಅಂತೆ.

"ನೀವ ಮುಟ್ಟಿ ಖರೆ ಅಂದೀರಂತಲ್ರಿ ಯಣ್ಣಾ, ಅದಕ್ಕ ನಾವೂ ತಗೊಂಡ್ವಿ" ಎಂದಳು ಒಬ್ಬಳು. "ಅಂವಾ ಈಗ ನಿಮ್ಮ ಹೆಸರು ಹೇಳೇ ಮಾರಾಕತ್ಯಾನ್ರಿ. ಓಣ್ಯಾಗ ಇನ್ನೂ ಎಂಟು ಮಂದಿ ಹೇಳಿಟ್ಟಾರ."

ನಾನು ಚೀಟಿಗಳ ಮೇಲಿದ್ದ ಆ ತುಂಡನ್ನು ಎತ್ತಿ ಅಂಗೈಯಲ್ಲಿ ತೂಗುತ್ತ ಕೂತೆ. ಮೈಬೂಬ ಹೇಳಿದ್ದು ಸುಳ್ಳಲ್ಲ: ಖೊಟ್ಟಿ ಮಾಲಿಗೆ ತೂಕ ಬರಬೇಕಾದರೆ ಹೊಟ್ಟೆಯೊಳಗೆ ಖರೇದು ಒಂದಾದರೂ ಬೇಕು. ಗುಡೂರಿನ ಆ ಸೀರೆಗಳ ಹೊಟ್ಟೆಯೊಳಗೆ ಗೋಂದು ಹಚ್ಚಿ ಅಂಟಿಸಿದ ಕಬ್ಬಿಣ ನಾನೇ.