ಬೆಲ್ಲ ನೀರು ಕುಡಿದ ಮೇಲೆ ಕೇಳುವುದು ಹೇಗೆ?

ಸುದ್ದಿ ಬಂದಾಗ ನಾನು ಹಿತ್ತಲ ಕಲ್ಲಿನ ಮೇಲೆ ಕುಳಿತು ದೇವರ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದೆ. ನಮ್ಮ ಮನೆಯ ದೊಡ್ಡ ಸುದ್ದಿಗಳೆಲ್ಲ ನನ್ನ ಕೈ ಕೊಳೆಯಾಗಿರುವ ಹೊತ್ತನ್ನೇ ನೋಡಿಕೊಂಡು ಬರುತ್ತವೆ. ಮಗನ ಮದುವೆ ಮಾತುಕತೆಗೆ ಬೀಗರು ಬಂದಾಗ ನಾನು ಹಲಸಿನಕಾಯಿ ಕೊಯ್ಯುತ್ತಿದ್ದೆ; ಮೇಣ ಮೆತ್ತಿದ ಕೈಯಲ್ಲೇ ಅವರಿಗೆ ನಮಸ್ಕಾರ ಮಾಡಿದ್ದೆ. ಅಂಗೈ ಎರಡೂ ಅಂಟಿಕೊಂಡು ನಮಸ್ಕಾರ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು. ಅದನ್ನು ಅವರು ಭಕ್ತಿ ಎಂದುಕೊಂಡರು. ಈ ಸಲ ಸೊಸೆ ವೀಣಾ ಅಂಚೆಯ ಲಕೋಟೆ ಹಿಡಿದುಕೊಂಡೇ ಹಿತ್ತಲಿಗೆ ಬಂದಳು. "ಅತ್ತೆ, ಮಾಸ್ತರಿಕೆ ಆರ್ಡರ್ ಬಂತು. ಕತಗಾಲದ ಹತ್ರದ ಶಾಲೆ. ಸೋಮವಾರ ಹಾಜರಾಗೂಕೆ ಬರದಾರೆ." ದೇವರು ದೊಡ್ಡವನು, ಘಟ್ಟದ ಮೇಲಿನ ಯಾವುದೋ ಮೂಲೆಗೆ ಒಗೆಯಲಿಲ್ಲ, ಕುಮಟೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಬರುವಷ್ಟೇ ದೂರ ಎಂದು ನಾನು ಹುಳಿಗೈಯಲ್ಲೇ ಕೈ ಮುಗಿದೆ. ಕೈ ಇಳಿಸುವಷ್ಟರಲ್ಲಿ ಅವಳು ಎರಡನೆಯ ಮಾತು ಹೇಳಿದಳು. "ಇವತ್ತು ಮಂಗಳವಾರ. ಅಷ್ಟರೊಳಗೆ ಪುಟ್ಟಿಗೆ ಒಂದು ಜಾಗ ನೋಡ್ಬೇಕು ಅತ್ತೆ."

ಪುಟ್ಟಿಗೆ ಹದಿನಾಲ್ಕು ತಿಂಗಳು. ಗೋಡೆ ಹಿಡಿದು ನಡೆಯುತ್ತಾಳೆ, ಗೋಡೆ ಮುಗಿದಲ್ಲಿ ಧೈರ್ಯದಿಂದ ಬೀಳುತ್ತಾಳೆ. ಮನೆಯಲ್ಲಿ ಅಜ್ಜಿ ಇದ್ದೂ ಮಗುವಿಗೆ ಬೇರೆ ಜಾಗ ಯಾಕೆ ಎಂದು ನೀವು ಕೇಳುತ್ತೀರಿ. ಎದುರು ಮನೆಯವರೂ ಬೇಲಿಗೆ ಬಟ್ಟೆ ಹರವುವ ನೆವದಲ್ಲಿ ಇದನ್ನೇ ಕೇಳಿದರು. ಅವರಿಗೆ "ಮಂಡಿ ನೋವು, ಎತ್ತಿ ಆಡಿಸೂಕೆ ಆಗ್ತಿಲ್ಲೆ" ಎಂದೆ. ನಿಮಗೆ ನಿಜ ಹೇಳುತ್ತೇನೆ. ಅದಕ್ಕೆ ಹದಿನೈದು ದಿನ ಮೊದಲು ವೀಣಾ ಪೇಟೆಗೆ ಹೋಗುವಾಗ ಮಗುವನ್ನು ನನ್ನ ಮಗ್ಗುಲಲ್ಲಿ ಕೂರಿಸಿ ಹೋಗಿದ್ದಳು. ನಾನು ದೇವರ ಮುಂದೆ ಕುಳಿತು ನೂರೆಂಟು ಜಪಕ್ಕೆ ಕಣ್ಣು ಮುಚ್ಚಿದೆ. ಜಪ ಎಷ್ಟು ಏಕಾಗ್ರವಾಗಿತ್ತೆಂದರೆ ಮಗುವಿನ ಗಲಾಟೆಯೇ ಕೇಳಿಸಲಿಲ್ಲ. ಕೇಳಿಸುವುದು ಹೇಗೆ, ಮಗು ಅಲ್ಲಿ ಇದ್ದರಲ್ಲವೇ? ಕಣ್ಣು ಬಿಟ್ಟರೆ ಬಾಗಿಲಲ್ಲಿ ಮೀನಿನ ನಾಗಮ್ಮ ನಿಂತಿದ್ದಾಳೆ. ತಲೆಯ ಮೇಲೆ ಬುಟ್ಟಿ, ಸೊಂಟದ ಮೇಲೆ ಪುಟ್ಟಿ. "ಅಮ್ಮಾ, ರಸ್ತೆ ಬದಿ ಸಿಕ್ತು. ನಿಮ್ದೇ ಅಲ್ದಾ ಇದು?" ಎಂದಳು. ದೇವರು ದೊಡ್ಡವನು, ಆ ದಿನ ಅವಳ ಬಂಗಡೆ ಮೀನು ಬೇಗ ಖರ್ಚಾಗಿ ನಮ್ಮ ಓಣಿಗೆ ಮೊದಲೇ ಬಂದಿದ್ದಳು. ವೀಣಾ ಆ ಸಂಜೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ತಿರುಗಿ ಆಡಬಹುದಿತ್ತು.

ಇನ್ನು ನಮ್ಮವರ ವಿಷಯ. ಅವರು ನಿವೃತ್ತರಾಗಿ ಮನೆಯಲ್ಲೇ ಇದ್ದಾರೆ. ಮಗುವನ್ನು ಎತ್ತಿಕೊಂಡರೆ ಪಂಚೆ ಹಿಡಿಯಲು ಕೈ ಸಾಲುವುದಿಲ್ಲ, ಪಂಚೆ ಹಿಡಿದರೆ ಮಗುವಿಗೆ ಸಾಲುವುದಿಲ್ಲ. ಎರಡೂ ಕೈ ಖಾಲಿಯಾದಾಗ ಪೇಪರು ಹಿಡಿಯುತ್ತಾರೆ. ಮಗನಿಗೆ ಹೊನ್ನಾವರದಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದವನು ಫೋನಿನಲ್ಲಿ, "ಪೇಟೇಲಿ ಬೇಬಿ ಸಿಟ್ಟಿಂಗ್ ಶುರುವಾಗದೆ. ಹೊಳೆ ದಾರೀಲಿ ಗಿರಿಜಕ್ಕನೂ ಮನೇಲಿ ಮಕ್ಕಳನ್ನ ನೋಡ್ಕಳ್ತಾರಂತೆ. ಆಯಿ, ನೀನೇ ಎರಡೂ ನೋಡಿ ಬಾ, ನಿಂಗೆ ಜನ ಅಂದ್ರೆ ಎಂತ ಅಂತ ತಿಳೀತದೆ" ಎಂದ. ನನಗೆ ಜನ ಅಂದರೆ ಎಂತ ಅಂತ ತಿಳಿಯುತ್ತದೆ ಎಂಬುದರಲ್ಲಿ ಆಗ ನನಗೂ ಸಂಶಯವಿರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಏಕಾದಶಿ ಸಂಕಷ್ಟಿಗಳ ಬೆನ್ನ ಮೇಲೆ ಹತ್ತು ಪ್ರಶ್ನೆ ಬರೆದುಕೊಂಡೆ. ಬಾವಿಗೆ ಮುಚ್ಚಳ ಇದೆಯೇ? ಬಟ್ಟಲು ಯಾರದು? ಸೋಮವಾರ ಶನಿವಾರ ಮೀನು ಬೇಯಿಸುತ್ತೀರಾ? ಅತ್ತರೆ ಎತ್ತಿಕೊಳ್ಳುತ್ತೀರಾ? ಹೀಗೆ. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬುಧವಾರ ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆ.

ಬೇಬಿ ಸಿಟ್ಟಿಂಗ್ ಇರುವುದು ಒಂದು ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲೆ. ಹೆಸರು ಇಂಗ್ಲಿಷಿನಲ್ಲಿ, ಮೂರು ಬಣ್ಣದಲ್ಲಿ. ಗೋಡೆಯ ಮೇಲೆ ಚಡ್ಡಿ ಹಾಕಿದ ಕರಡಿ, ಟೊಪ್ಪಿ ಹಾಕಿದ ಬಾತುಕೋಳಿ. ನಮ್ಮ ಕುಮಟೆಯಲ್ಲಿ ಹುಟ್ಟಿದ ಮಗುವಿಗೆ ಕಾಗೆ, ಬೆಕ್ಕು, ಏಡಿ ತೋರಿಸಿದರೆ ಸಾಲದೇ? ಅಲ್ಲಿಯ ಮೇಡಮ್ಮು ಕುರ್ಚಿ ತೋರಿಸಿ ಫೈಲು ತೆರೆದರು. ನಾನು ಹಾಳೆ ತೆರೆದೆ.

"ಬಾವಿ?"

"ಮಾಳಿಗೆ ಮೇಲೆ ಬಾವಿ ಇರಲ್ಲ, ಮೇಡಂ. ಮೆಟ್ಟಿಲಿಗೆ ಗೇಟು ಇದೆ."

"ಮಗು ಅತ್ರೆ?"

"ಎರಡು ನಿಮಿಷ ಬಿಟ್ಟು ಎತ್ತಿಕೊಳ್ತೇವೆ. ಅಳೋ ಅಭ್ಯಾಸ ತಪ್ಪಬೇಕಲ್ಲ."

"ಮಲಗೂದು?"

"ಒಂದು ಗಂಟೆಗೆ ಬೆಲ್ ಹೊಡೀತೇವೆ. ಎಲ್ಲರೂ ಮಲಗ್ತಾರೆ."

"ನಿದ್ದೆ ಬರದೆ ಇದ್ರೆ?"

"ಬರುತ್ತೆ," ಎಂದರು ಮೇಡಮ್ಮು. ಅವರ ದನಿ ಕೇಳಿ ನನಗೇ ಆಕಳಿಕೆ ಬಂತು.

ಹತ್ತಕ್ಕೆ ಹತ್ತು ಪ್ರಶ್ನೆಗೂ ಉತ್ತರ ಸಿಕ್ಕಿತು, ಹಾಳೆಯಲ್ಲೇ ಬರೆದುಕೊಂಡೆ. ನೆಲ ನಮ್ಮ ದೇವರ ಕೋಣೆಗಿಂತ ಚೊಕ್ಕವಿತ್ತು ಎಂಬುದನ್ನು ಹೇಳದಿದ್ದರೆ ನನಗೆ ಪಾಪ ಬಂದೀತು. ಮಕ್ಕಳಿಗೆ ಬೇರೆ ಬೇರೆ ಬಟ್ಟಲು, ಬಟ್ಟಲಿನ ಮೇಲೆ ಹೆಸರು, ಔಷಧದ ಪೆಟ್ಟಿಗೆ. ಆದರೂ ಮೆಟ್ಟಿಲು ಇಳಿಯುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಬಿಸಿಲಿನಲ್ಲಿ ನಡೆದು ಹೋದ ಹೆಂಗಸು, ಮುಕ್ಕಾಲು ಗಂಟೆ ಅಲ್ಲಿ ಕೂತಿದ್ದೇನೆ, ಒಂದು ಲೋಟ ನೀರು ಬೇಕಾ ಎಂದು ಕೇಳುವವರಿಲ್ಲ. ನಮ್ಮ ಕಡೆ ವೈರಿ ಬಂದರೂ ಜಗಲಿಯಲ್ಲಿ ಕೂರಿಸಿ, ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಜಗಳ ಶುರು ಮಾಡುತ್ತಾರೆ. ದೊಡ್ಡವರಿಗೆ ನೀರು ಕೊಡದವರು ಕೇಳಲು ಬಾರದ ಮಗುವಿಗೆ ಕೊಡುತ್ತಾರೆಯೇ? ಅಲ್ಲಿ ಪ್ರತಿ ಮಗುವಿನ ಮಗ್ಗುಲಲ್ಲಿ ನೀರಿನ ಬಾಟಲಿ ಇದ್ದುದನ್ನು ನಾನು ಕಂಡಿದ್ದೆ. ಆದರೆ ಸಿಟ್ಟು ಬಂದಾಗ ಕಂಡದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ.

ಅದೇ ಉರಿಯಲ್ಲಿ ಹೊಳೆ ದಾರಿಯ ಕೊನೆಯ ಹಂಚಿನ ಮನೆಗೆ ಹೋದೆ. ಜಗಲಿಯಲ್ಲಿ ನಾಲ್ಕು ಮಕ್ಕಳು ಸಾಲಾಗಿ ಕುಳಿತಿದ್ದವು. ಗಿರಿಜಕ್ಕ ಒಂದೇ ಬಟ್ಟಲಿನಿಂದ, ಒಂದೇ ಚಮಚದಲ್ಲಿ, ಗಂಜಿಯನ್ನು ಈ ತುದಿಯಿಂದ ಆ ತುದಿಗೆ ತಿನ್ನಿಸಿಕೊಂಡು ಹೋಗುತ್ತಿದ್ದಳು. ತುದಿ ಮುಟ್ಟಿದ ಕೂಡಲೇ ಮತ್ತೆ ಮೊದಲಿನಿಂದ. ನಾಲ್ಕರಲ್ಲಿ ಎರಡು ಮೂಗು ಸೋರುತ್ತಿದ್ದವು. ಛೀ ಎಂದು ಮನಸ್ಸಿನಲ್ಲೇ ಅಂದುಕೊಂಡು ಸೊಂಟದ ಹಾಳೆಗೆ ಕೈ ಹಾಕಿದೆ. ಅಷ್ಟರಲ್ಲಿ, "ಬನ್ನಿ ಅಕ್ಕ, ಕೂತ್ಕಳಿ. ಎಂತ ಬಿಸ್ಲು" ಎಂದು ಒಳಗೆ ಹೋದವಳು ತಟ್ಟೆಯಲ್ಲಿ ಬೆಲ್ಲದ ತುಂಡು, ತಂಬಿಗೆಯಲ್ಲಿ ತಣ್ಣನೆಯ ನೀರು ತಂದಿಟ್ಟಳು. ಬಾಯಾರಿತ್ತು. ಬೆಲ್ಲ ಬಾಯಿಗೆ ಹಾಕಿದೆ.

ಅಲ್ಲಿಗೆ ನನ್ನ ಕತೆ ಮುಗಿಯಿತು. ಬೆಲ್ಲ ತಿಂದು ನೀರು ಕುಡಿದ ಮನೆಯಲ್ಲಿ, ನಿಮ್ಮ ಬಾವಿಗೆ ಮುಚ್ಚಳ ಇದೆಯೇ, ನಿಮ್ಮ ಬಟ್ಟಲು ಚೊಕ್ಕವೇ ಎಂದು ಕೇಳುವುದು ಹೇಗೆ? ಹೆಣ್ಣು ನೋಡಲು ಹೋದವರು ಅಡುಗೆಮನೆಯ ಡಬ್ಬ ತೆಗೆದು ನೋಡಿದ ಹಾಗಾಗುತ್ತದೆ. ಬಾಯಿಯಲ್ಲಿ ಬೆಲ್ಲ ಕರಗಲಿ, ಆಮೇಲೆ ಕೇಳೋಣ ಎಂದುಕೊಂಡೆ. ಅದು ಕರಗುವಷ್ಟರಲ್ಲಿ ಮಜ್ಜಿಗೆ ಬಂತು. ಆಮೇಲೆ ಕೇಳುವ ಕೆಲಸವನ್ನು ಅವಳೇ ತೆಗೆದುಕೊಂಡಳು.

"ಮಗು ಯಾವ ಮಗ್ಗಲಿಗೆ ಮಲಗ್ತದೆ ಅಕ್ಕ?"

ನನಗೆ ಗೊತ್ತಿರಲಿಲ್ಲ. "ಎರಡೂ ಮಗ್ಗಲಿಗೂ," ಎಂದೆ.

"ಹಲ್ಲು ಎಷ್ಟು ಬಂದದೆ?"

"ಬರ್ತಾ ಇದೆ."

"ಹೆದ್ರೂದು ಯಾವ್ದಕ್ಕೆ? ಮಿಕ್ಸಿ ಶಬ್ದಕ್ಕಾ, ನಾಯಿಗಾ?"

"ನಮ್ಮ ಮನೆ ಮಕ್ಕಳು ಯಾವ್ದಕ್ಕೂ ಹೆದ್ರೂದಿಲ್ಲ," ಎಂದು ಗತ್ತಿನಿಂದ ಹೇಳಿದೆ. ಗಿರಿಜಕ್ಕ ನನ್ನ ಮುಖ ನೋಡಿ, ಒಂದು ಮಗುವಿನ ಮೂಗು ಸೆರಗಿನಲ್ಲಿ ಒರೆಸಿದಳು. ಹೊರಡುವಾಗ ಅರಿಸಿನ ಕುಂಕುಮ ಕೊಟ್ಟು, ಮಡಿಲಿಗೆ ಒಂದು ತೆಂಗಿನಕಾಯಿ ಹಾಕಿದಳು. ಬಾವಿ ಮನೆಯ ಯಾವ ಮಗ್ಗುಲಿಗಿದೆ ಎಂದು ಕೂಡ ನಾನು ನೋಡಲಿಲ್ಲ. ಆದರೂ ದಾರಿಯುದ್ದಕ್ಕೂ ಇದೇ ಜಾಗ, ಇದೇ ಜಾಗ ಎಂದು ಮನಸ್ಸು ಹಾಡುತ್ತಿತ್ತು. ಕಾಯಿಯೂ ಒಳ್ಳೆಯ ತೂಕದ್ದಿತ್ತು.

ಮನೆಯಲ್ಲಿ ವೀಣಾ ನನ್ನ ಹಾಳೆಯನ್ನು ಬಿಡಿಸಿ ಇಟ್ಟುಕೊಂಡು, ಶಾಲೆ ಸೇರುವ ಮೊದಲೇ ಮಾಸ್ತರಿಕೆ ಶುರು ಮಾಡಿದಳು. "ಪೇಟೇದಕ್ಕೆ ಹತ್ತೂ ಉತ್ತರ ಬರದೀರಿ. ಅದು ಯಾಕೆ ಬೇಡ?"

"ನೀರು ಕೊಡೂದಿಲ್ಲ."

"ಗಿರಿಜಕ್ಕಂದು ಒಂದೂ ಬರೀಲಿಲ್ಲ. ಅದು ಯಾಕೆ ಬೇಕು?"

"ಬೆಲ್ಲ ಕೊಟ್ಲು."

ನಮ್ಮವರು ಪೇಪರಿನ ಹಿಂದೆ ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ. ವೀಣಾ ಮಾತ್ರ ನಗಲಿಲ್ಲ. "ಬಾವಿ ಹೇಗಿದೆ ಅತ್ತೆ?" ಎಂದು ಮೆಲ್ಲಗೆ ಕೇಳಿದಳು. ಸೋಮವಾರದಿಂದ ಅವಳು ಬಸ್ಸಿನಲ್ಲಿ ಕುಳಿತು ದಿನವೂ ಯೋಚಿಸಬೇಕಾದದ್ದು ಆ ಬಾವಿಯನ್ನೇ. ಆಗ ನನಗೆ ಆ ತೆಂಗಿನಕಾಯಿಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಗುರುವಾರ ಅವಳೇ ಪುಟ್ಟಿಯನ್ನು ಎತ್ತಿಕೊಂಡು ಎರಡೂ ಕಡೆ ಹೋದಳು. ಮಧ್ಯಾಹ್ನ ಬಂದು ಊಟಕ್ಕೆ ಕೂತಾಗ ಹೇಳಿದಳು. ಗಿರಿಜಕ್ಕನ ಬಾವಿಗೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಬೀಗದ ಕೈ ಅವಳ ಕರಿಮಣಿಯಲ್ಲೇ ನೇತಾಡುತ್ತದಂತೆ. ಪುಟ್ಟಿಗೆ ಬೇರೆ ಬಟ್ಟಲು ತರುತ್ತೇನೆ ಎಂದಿದ್ದಕ್ಕೆ, "ಆತು, ಚಮಚನೂ ತನ್ನಿ" ಎಂದಳಂತೆ. ಇವಳೂ ಬೆಲ್ಲ ತಿಂದಿದ್ದಳು, ನೀರು ಕುಡಿದಿದ್ದಳು. ಕೇಳಬೇಕಾದದ್ದನ್ನು ಕೇಳಿಯೂ ಬಂದಿದ್ದಳು. ಈಗಿನವರ ಬಾಯನ್ನು ಬೆಲ್ಲ ಕಟ್ಟುವುದಿಲ್ಲ.

"ಹಾಗಾದ್ರೆ ನಾ ನೋಡಿದ್ದೇ ಸರಿ ಆತಲ್ಲ," ಎಂದೆ, ಸಾರು ಬಡಿಸುತ್ತ.

"ಹೌದು ಅತ್ತೆ. ಗಿರಿಜಕ್ಕ ಮೊದಲು ತಗಳೂದಿಲ್ಲ ಅಂದ್ಕಂಡಿದ್ರಂತೆ. ಮನೆಗೆ ಬಂದವರು ಎಂತದೂ ಕೇಳದೆ ಮಜ್ಜಿಗೆ ಕುಡ್ದು ಹೋದ್ರು, ಮಗು ಬಗ್ಗೆ ಕೇಳಿದ್ರೂ ಗೊತ್ತಿಲ್ಲ. ಇಂಥ ಮನೆ ಮಕ್ಕಳ ಜವಾಬ್ದಾರಿ ಕಷ್ಟ ಅಂತ. ಇವತ್ತು ನಾ ಹೋದ ಮೇಲೆ ಒಪ್ಪಿದ್ರು." ವೀಣಾ ಅನ್ನ ಕಲಸುವುದನ್ನು ನಿಲ್ಲಿಸಿದಳು. "ಒಂದೇ ಒಂದು ಮಾತು ಹೇಳಿದ್ರು. ನಂಗೆ ಬಸ್ಸು ತಡ ಆದ್ರೆ ಮಗು ಅಲ್ಲೇ ಇರ್ಲಿ, ಎಷ್ಟು ಹೊತ್ತಾದ್ರೂ ಇರ್ಲಿ. ಕರಕಂಡು ಬರೂಕೆ ಅಜ್ಜಿನ್ನ ಮಾತ್ರ ಕಳಿಸ್ಬೇಡಿ ಅಂದ್ರು."

"ಯಾಕಂತೆ?"

"ಮೀನಿನ ನಾಗಮ್ಮ ಅವರ ಮನೆಗೂ ಹೋಗ್ತಾಳೆ, ಅತ್ತೆ."

ಅಂದರೆ ಆ ಬುಧವಾರ ಜಗಲಿಯ ಮೇಲೆ ಹತ್ತು ಪ್ರಶ್ನೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪರೀಕ್ಷೆ ಮಾಡಲು ಕುಳಿತವಳು ನಾನು. ಪರೀಕ್ಷೆಗೆ ಕುಳಿತವಳೂ ನಾನೇ. ಫೇಲಾದವಳಿಗೂ ಗಿರಿಜಕ್ಕ ಕುಂಕುಮ ಕೊಟ್ಟು, ಮಡಿಲಿಗೆ ಕಾಯಿ ಹಾಕಿ ಕಳಿಸಿದ್ದಳು. ದೇವರು ದೊಡ್ಡವನು. ಈ ಮಾತು ನಡೆದಾಗ ಮಗ ಹೊನ್ನಾವರದಲ್ಲಿದ್ದ, ಎದುರು ಮನೆಯವರು ಬಟ್ಟೆ ಹರವಿ ಒಳಗೆ ಹೋಗಿದ್ದರು, ನಮ್ಮವರಿಗೆ ಮಾತ್ರ ಮತ್ತೆ ಕೆಮ್ಮು ಬಂತು.

ಪುಟ್ಟಿಯ ಬಾಯಲ್ಲಿ ಹಲ್ಲು ಆರು. ಊಟವಾದ ಮೇಲೆ ಯಾರೂ ಇಲ್ಲದಾಗ ಬೆರಳಿಟ್ಟು ಎಣಿಸಿದೆ. ಏಳನೆಯದನ್ನು ಅವಳೇ ಕಚ್ಚಿ ತೋರಿಸಿದಳು. ಆಮೇಲೆ ಅವಳನ್ನು ಕಾಲಿನ ನಡುವೆ ಕೂರಿಸಿಕೊಂಡು, ಸೋಮವಾರ ಡಬ್ಬಿಯಲ್ಲಿ ಕಳಿಸಬೇಕಾದ ರಾಗಿ ಮಣ್ಣಿ ಎಂಬ ಸಿಹಿ ಗಂಜಿಗೆ ಹಿಟ್ಟು ಸೋಸಲು ಕುಳಿತೆ. ಬಾಯಲ್ಲಿ ಜಪ ನಡೆದೇ ಇತ್ತು. ಕಣ್ಣು ಮಾತ್ರ ಮುಚ್ಚಲಿಲ್ಲ.