ಹಾಲು ಉಕ್ಕಿತು, ಬಾಗಿಲು ಬರಲಿಲ್ಲ

ಹಕ್ಕುಗಳ ವಿಷಯದಲ್ಲಿ ನಾನು ಭಾರೀ ಶ್ರೀಮಂತ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರಾದ್ದರಿಂದ ಸಂವಿಧಾನ ಕೊಟ್ಟ ಹಕ್ಕುಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿವೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತೇನೆ. ಭಾರತದ ಯಾವುದೇ ಭಾಗದಲ್ಲಿ ನೆಲೆಸುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಇದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಅಂಗಿಯ ತೋಳೆಲ್ಲ ಬೆಳ್ಳಗಾಗಿದೆ. ಆದರೆ ಆ ಭಾಗಕ್ಕೆ ಬಾಗಿಲು ಇರಬೇಕೋ ಬೇಡವೋ, ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ಪ್ರಜೆ ತನ್ನ ಬೀರು, ಮಂಚ, ಮುದಿ ತಾಯಿಯನ್ನು ಎಲ್ಲಿ ಇಳಿಸಬೇಕು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಓದಿದವನು ನಾನಲ್ಲ.

ನಾವು ಹರಿಹರದಲ್ಲಿ ಬಾಡಿಗೆಗಿದ್ದೆವು. ನನ್ನ ಶಾಲೆ ದಾವಣಗೆರೆಯಲ್ಲಿ. ದಿನವೂ ಬಸ್ಸಿನಲ್ಲಿ ನಿಂತು ಹೋಗುವುದು, ನಿಂತು ಬರುವುದು. ಕೂತು ಪ್ರಯಾಣ ಮಾಡುವ ಹಕ್ಕಂತೂ ಸಂವಿಧಾನದಲ್ಲಿಯೂ ಇಲ್ಲ. ಇದರ ಮೇಲೆ ಅವ್ವನಿಗೆ ಉಬ್ಬಸ ಜೋರಾಯಿತು. ಡಾಕ್ಟರು ದಾವಣಗೆರೆಯಲ್ಲಿ, ಅವ್ವ ಹರಿಹರದಲ್ಲಿ. ಅದೇ ಹೊತ್ತಿಗೆ ಹರಿಹರದ ಮಾಲೀಕರು ಮಗನ ಮದುವೆಯ ನೆಪ ಹೇಳಿ ಮನೆ ಬಿಡಿ ಎಂದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಹಾಗೆಂದುಕೊಳ್ಳುವುದು ನನ್ನ ಹುಟ್ಟುಗುಣ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಆಫೀಸುಗಳು ಬರುತ್ತವೆ, ಆಫೀಸರುಗಳು ಬರುತ್ತಾರೆ ಎಂದು ಸೈಟಿದ್ದವರೆಲ್ಲ ಮನೆ ಏಳಿಸಲು ಶುರು ಮಾಡಿದ್ದರು. ಶಾಮನೂರಿನ ಕಡೆಯ ಹೊಸ ಬಡಾವಣೆಯಲ್ಲಿ ಮೆಕ್ಕೆಜೋಳದ ವ್ಯಾಪಾರಿ ರುದ್ರಪ್ಪನವರು ತಮ್ಮ ವಾಸದ ಮನೆಯ ಪಕ್ಕಕ್ಕೇ ಬಾಡಿಗೆಗೆಂದು ಇನ್ನೊಂದು ಮನೆ ಕಟ್ಟಿಸುತ್ತಿದ್ದರು. ಅಡ್ವಾನ್ಸು ಕೊಟ್ಟೆ, ಕರಾರಾಯಿತು. ಯುಗಾದಿಗೆ ಮನೆ ಕೊಡುವ ಮಾತು. ಯುಗಾದಿಗೆ ಹೋದರೆ ಗಾರೆಯವರು ಹಬ್ಬಕ್ಕೆ ಹೋಗಿದ್ದರು. ಬಸವ ಜಯಂತಿಗೆ ಹೋದರೆ ಬಡಗಿಯ ಮಗಳು ಬಾಣಂತಿ. ಕಾರಹುಣ್ಣಿಮೆಗೆ ಹೋದಾಗ ಎಲ್ಲರೂ ಇದ್ದರು, ಸಿಮೆಂಟು ಇರಲಿಲ್ಲ. ಪ್ರತಿಸಲವೂ ರುದ್ರಪ್ಪನವರು ನನಗೆ ಕುರ್ಚಿ ಹಾಕಿಸಿ, ಮಿರ್ಚಿ ಮಂಡಕ್ಕಿ ತರಿಸಿ, "ತಿನ್ರಿ ಮೇಷ್ಟ್ರೇ, ಮನಿ ನಿಮ್ದೇ ಐತೆ, ಎಲ್ಲಿಗೆ ಓಡಿ ಹೊಕ್ಕೈತೆ?" ಎನ್ನುತ್ತಿದ್ದರು. ಅದು ನಿಜ. ಮನೆ ಎಲ್ಲಿಗೂ ಓಡಿ ಹೋಗಲಿಲ್ಲ. ಮೇಲಕ್ಕೂ ಏಳಲಿಲ್ಲ.

ಕೊನೆಗೆ ಆಷಾಢ ಹತ್ತಿರ ಬಂತು. ಹರಿಹರದ ಮನೆಗೆ ಸುಣ್ಣ ಹೊಡೆಯುವವರು ಬಂದು ನಮ್ಮ ತಲೆಯ ಮೇಲೆಯೇ ಏಣಿ ಹಾಕಿದ್ದರು. ಆಗ ರುದ್ರಪ್ಪನವರೇ ಒಂದು ಉಪಾಯ ಹೇಳಿದರು. "ಆಷಾಢದಾಗ ಹೊಸ ಮನಿ ಹೊಗಂಗಿಲ್ಲ. ಈಗ್ಲೇ ಹಾಲು ಉಕ್ಕಿಸಿ ಬಿಡ್ರಿ. ಶಾಸ್ತ್ರ ಮುಗೀತೈತೆ. ಆಮ್ಯಾಲೆ ಯಾವಾಗ ಬಂದ್ರೂ ನಡೀತೈತೆ." ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆ. ಬಾಗಿಲಿಲ್ಲದ ಬಾಗಿಲವಾಡಕ್ಕೆ ಮಾವಿನ ತೋರಣ ಕಟ್ಟಿದೆವು. ಸಿಮೆಂಟಿನ ಧೂಳು ಗುಡಿಸಿ, ಮೂರು ಇಟ್ಟಿಗೆ ಇಟ್ಟು, ನನ್ನ ಹೆಂಡತಿ ಶಾಂತ ಒಲೆ ಹೂಡಿದಳು. ಅವ್ವ ಆಟೋದಲ್ಲಿ ಬಂದು ಮರಳಿನ ಗುಡ್ಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಳು. ಹಾಲು ಪೂರ್ವಕ್ಕೆ ಉಕ್ಕಿತೆಂದು ಅವಳಿಗೆ ಬಹಳ ಖುಷಿ. ಬೀದಿಯವರನ್ನೆಲ್ಲ ಕರೆದು ಪಾಯಸ ಹಂಚಿದೆವು. ನಾನೇ ಮುಂದೆ ನಿಂತು ಬಡಿಸಿದೆ.

ಹರಿಹರದ ಮನೆ ಬಿಟ್ಟು ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಬಂದ ದಿನ ಗಾರೆಯವನು ಒಳಗಿನಿಂದಲೇ ಕೂಗಿದ: "ಕಾಲಿಡಬ್ಯಾಡ್ರಿ ಸಾರ್, ನೆಲ ಇನ್ನಾ ಹಸಿ ಐತೆ!" ಶಾಸ್ತ್ರದ ಪ್ರಕಾರ ಮನೆ ಹೊಕ್ಕವರು ಗಾರೆಯ ಪ್ರಕಾರ ಬೀದಿಯಲ್ಲಿ ನಿಂತೆವು. ರುದ್ರಪ್ಪನವರು ಅದಕ್ಕೂ ದಾರಿ ತೋರಿಸಿದರು. ಅವರ ತಮ್ಮನದು ಮಂಡಕ್ಕಿ ಭಟ್ಟಿ; ಅದರ ಗೋದಾಮಿನ ಒಂದು ಮೂಲೆ ನಮಗೆ ಸಿಕ್ಕಿತು. ಶಾಂತ ಮಕ್ಕಳನ್ನು ಕರೆದುಕೊಂಡು ಕೊಕ್ಕನೂರಿನ ತವರಿಗೆ ಹೋದಳು. ನಾನು, ಅವ್ವ, ಬೀರು, ಮತ್ತು ಸೂರಿನ ತನಕ ಪೇರಿಸಿದ ಮಂಡಕ್ಕಿ ಚೀಲಗಳು ಉಳಿದೆವು. ಪಕ್ಕದ ಭಟ್ಟಿಯ ಹೊಗೆ ಗೋಡೆಯ ಸಂದಿಯಿಂದ ಬರುತ್ತಿತ್ತು. ಉಬ್ಬಸದವಳನ್ನು ಡಾಕ್ಟರ ಹತ್ತಿರ ಇರಿಸಲೆಂದು ಊರು ಬಿಡಿಸಿ ತಂದು ಹೊಗೆಯಲ್ಲಿ ಮಲಗಿಸಿದ ಮಗ ನಾನು. "ಇನ್ನೆಷ್ಟು ದಿನನಪ್ಪ?" ಎಂದು ಅವ್ವ ಕೇಳಿದಾಗಲೆಲ್ಲ, "ಬಾಗಿಲೊಂದು ಬಂದ್ರೆ ಆತವ್ವ" ಎನ್ನುತ್ತಿದ್ದೆ.

ಆಗ ನನಗೆ ಕಾನೂನು ನೆನಪಾಯಿತು. ನನ್ನ ಸಹಪಾಠಿ ಚನ್ನಬಸಪ್ಪ ಊರಿನಲ್ಲೇ ವಕೀಲ. ನನ್ನ ಕಥೆ ಕೇಳುತ್ತಾ ಕೇಳುತ್ತಾ ಅವನ ಮುಖ ಅರಳಿತು. "ನೀನು ಯಾಕ ಹೆದರ್ತಿ? ಕಾನೂನು ಪೂರ್ತಿ ನಿನ್ನ ಕಡೆ ಐತೆ. ಮನಿ ಸ್ವಾಧೀನಕ್ಕೆ ಕೊಡೋತನಕ ಬಾಡಿಗೆ ಕೇಳಂಗಿಲ್ಲ. ಅಡ್ವಾನ್ಸ್ ವಾಪಸ್ ಕೇಳಬಹುದು. ಆದ ನಷ್ಟಾನೂ ಕಕ್ಕಿಸಬಹುದು" ಎಂದ. ನನಗೆ ಎದೆ ಉಬ್ಬಿ ಬಂತು. ನೋಟೀಸು ಬರೆಯಲು ಪೆನ್ನು ತೆಗೆದವನು ಸುಮ್ಮನೆ ಮಾತಿಗೆ ಕೇಳಿದ: "ಆ ಮನಿ ಒಳಗೆ ನೀವು ಕಾಲಿಟ್ಟಿಲ್ಲ ತಾನೆ?"

"ಇಲ್ಲಪ್ಪ. ಹಾಲು ಉಕ್ಕಿಸೀವಿ, ಅಷ್ಟೇ."

ಅವನು ಪೆನ್ನಿನ ಟೋಪಿ ಹಾಕಿದ. "ಯಾರಾದ್ರೂ ನೋಡಿದ್ರಾ?"

"ಇಡೀ ಬೀದಿ ನೋಡೈತೆ. ಪಾಯಸ ಕೊಟ್ಟೀವಿ."

"ಚಲೋ ಆತು. ಅವನ ಕಡೆ ಸಾಕ್ಷಿಗಳಿಗೆ ನೀನೇ ಊಟ ಹಾಕಿ ಕಳಿಸಿದಂಗಾತು" ಎಂದು ಅವನು ತಲೆ ಮೇಲೆ ಕೈ ಹೊತ್ತ. ಹಾಲು ಉಕ್ಕಿಸಿದ ಮಾತ್ರಕ್ಕೆ ಕಾನೂನು ಅದನ್ನು ಮನೆ ಹೊಕ್ಕಂತೆ ಎನ್ನುವುದಿಲ್ಲ, ವಾದ ಮಾಡಬಹುದು. ಆದರೆ ವಾದ ಮುಗಿಯುವ ಹೊತ್ತಿಗೆ ಆ ಮನೆ ಹಳೆಯದಾಗಿರುತ್ತದೆ ಎಂದ. ಅವನು ಹೆದರಿದಂತೆಯೇ ತಿಂಗಳ ಮೊದಲಿಗೆ ರುದ್ರಪ್ಪನವರು ಬಾಡಿಗೆ ಕೇಳಿದರು. "ಹಾಲು ಉಕ್ಕಿದ ದಿನದಿಂದ ಮನಿ ನಿಮ್ದು ಆತಲ್ರಿ ಮೇಷ್ಟ್ರೇ." ನಾನು ಕೊಟ್ಟೆ. ಹಕ್ಕುಗಳ ಪಾಠ ಮಾಡುವವರು ಜಗಳ ಆಡುವುದಿಲ್ಲ.

ಆಷಾಢದ ಗಾಳಿ ಜೋರಾಗಿ ಅವ್ವನ ಉಸಿರು ಇನ್ನಷ್ಟು ಕಟ್ಟಿತು. ಡಾಕ್ಟರು ನೋಡಿ, ಇನ್ನು ಮನೆಗೆ ಕರಕೊಂಡು ಹೋಗಿ ಎಂದರು. ಮನೆಗೆ! ಅವರಿಗೆ ಗೋದಾಮಿನ ವಿಷಯ ಗೊತ್ತಿರಲಿಲ್ಲ. ಸುದ್ದಿ ತಿಳಿದು ರುದ್ರಪ್ಪನವರ ತಮ್ಮ ಓಡಿ ಬಂದರು. ಗೋದಾಮಿನಲ್ಲಿ ಏನಾದರೂ ಆಗಿ, ಜೀವ ಹೋದ ಗಳಿಗೆಯ ನಕ್ಷತ್ರ ಸರಿ ಇಲ್ಲದೆ ಹೋದರೆ ತಿಂಗಳುಗಟ್ಟಲೆ ಬೀಗ ಹಾಕಬೇಕು, ಮಂಡಕ್ಕಿ ಗತಿ ಏನು ಎಂದು ಅವರ ಸಂಕಟ. ಸರಿ, ಅವ್ವನನ್ನು ಹೊಸ ಮನೆಗೇ ಒಯ್ಯುತ್ತೇನೆ ಎಂದೆ. ಈಗ ರುದ್ರಪ್ಪನವರು ಓಡಿ ಬಂದರು. "ಅಲ್ಲಿಗೆ ಬ್ಯಾಡ್ರಿ! ಮನಿ ಇನ್ನಾ ಮುಗ್ದಿಲ್ಲ. ನಿಮಗೆ ಕೊಟ್ಟೇ ಇಲ್ಲಲ್ಲ!"

ನನ್ನ ಜೀವನದಲ್ಲಿ ಒಂದೇ ಒಂದು ಸಲ ನಾನು ವಕೀಲನಂತೆ ಮಾತನಾಡಿದ್ದು ಅವತ್ತು. "ಹಾಲು ಉಕ್ಕಿದ ದಿನದಿಂದ ಮನಿ ನಮ್ದು ಅಂದೋರು ನೀವು. ಬಾಡಿಗಿ ಇಸ್ಕೊಂಡೋರೂ ನೀವು. ದಾರಿ ಬಿಡ್ರಿ" ಎಂದೆ. ಅವರು ದಾರಿ ಬಿಟ್ಟರು. ವ್ಯಾಜ್ಯ ಗೆದ್ದೆ. ಗೆದ್ದ ಮನೆಯ ನಡುಮನೆಯಲ್ಲಿ ಅವ್ವನ ಮಂಚ ಹಾಕಿದೆ. ಕೊಕ್ಕನೂರಿನಿಂದ ಶಾಂತ, ಮಕ್ಕಳು ಬಂದರು.

ಸಂಜೆ ಅವ್ವ ಕಣ್ಣು ಬಿಟ್ಟು ಸುತ್ತ ನೋಡಿದಳು. "ನಮ್ಮ ಮನೀನಾ ಇದು?"

"ಹೂಂ ಅವ್ವ."

"ಬಾಗಿಲು ಹಾಕಪ್ಪ. ಗಾಳಿ ಬರ್ತೈತೆ."

ನಾನು ಎದ್ದು ಹೋಗಿ ಬಾಗಿಲವಾಡದಲ್ಲಿ ನಿಂತೆ. ಹಾಕಲು ಬಾಗಿಲಿರಲಿಲ್ಲ. ತೋರಣದ ಒಣ ಎಲೆಗಳು ಮಾತ್ರ ಸದ್ದು ಮಾಡುತ್ತಿದ್ದವು. ಶಾಂತ ಒಂದು ಕಂಬಳಿ ತಂದಳು; ಒಂದು ತುದಿ ಅವಳು, ಒಂದು ತುದಿ ನಾನು ಹಿಡಿದು ನಿಂತೆವು. "ಹಾಕೀನವ್ವ" ಎಂದೆ. ಅವ್ವ ನಂಬಿದಳು. ನನ್ನ ಮಾತನ್ನು ಅವಳು ಯಾವಾಗಲೂ ನಂಬುತ್ತಿದ್ದಳು. ಆ ಕಂಬಳಿ ಹಿಡಿದು ನಿಂತಾಗ ನಾನು ಅತ್ತಷ್ಟು ಆಮೇಲೆ ಅಳಲಿಲ್ಲ.

ಮಾರನೆಯ ದಿನ ಅವ್ವ ಹೋದಳು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದೆವು. ಪಾಯಸ ಉಂಡ ಬೀದಿಯವರೆಲ್ಲ ಬಂದರು. ಮಣ್ಣು ಮುಗಿಸಿ ಬಂದ ಮೇಲೆ ಅಯ್ಯನವರು ಪಂಚಾಂಗ ನೋಡಿ, ನಕ್ಷತ್ರ ಸರಿ ಇಲ್ಲ, ಮೂರು ತಿಂಗಳು ಮನೆ ಮುಚ್ಚಬೇಕು ಎಂದರು. ಮುಚ್ಚಬೇಕಾದರೆ ಬಾಗಿಲು ಬೇಕಲ್ಲ! ರುದ್ರಪ್ಪನವರು ಎಲ್ಲಿಂದ ಹಿಡಿದು ತಂದರೋ, ಬಾಣಂತಿ ಮಗಳ ಬಡಗಿ ಅವತ್ತೇ ಬಂದ. ಕತ್ತಲಾಗುವುದರೊಳಗೆ ಬಾಗಿಲು ಕೂತಿತು. ತೇಗದ್ದು, ಗಟ್ಟಿಮುಟ್ಟಾದ ಬಾಗಿಲು, ಒಂದಿಷ್ಟೂ ಗಾಳಿ ತೂರದಂಥದ್ದು. ನಮ್ಮನ್ನು ಹೊರಗೆ ನಿಲ್ಲಿಸಿ ಅದಕ್ಕೆ ಬೀಗ ಹಾಕಿದರು.

ಅದಾಗಿ ಸ್ವಲ್ಪ ದಿನಕ್ಕೆ ಊರೊಳಗೇ ಇನ್ನೊಂದು ಮನೆ ನೋಡಲು ಹೋದೆ. ಹಳೆಯ ಮನೆ, ಎಲ್ಲ ಬಾಗಿಲೂ ಇದ್ದವು. ಒಂದೊಂದನ್ನೂ ತೆಗೆದು ಹಾಕಿ ನೋಡಿದೆ. ಮಾಲೀಕರು ಕೇಳಿದರು: "ಮನ್ಯಾಗ ವಯಸ್ಸಾದೋರು ಯಾರರ ಅದಾರೇನ್ರಿ?"

"ಇಲ್ರಿ."

"ಹಂಗಾದ್ರೆ ನಾಳೇನೇ ಬರ್ರಿ" ಎಂದು ಅವರು ಬೀಗದ ಕೈ ನನ್ನ ಕೈಗೇ ಕೊಟ್ಟುಬಿಟ್ಟರು. ಅವ್ವ ಇದ್ದಿದ್ದರೆ ಈ ಮನೆ ಸಿಗುತ್ತಿರಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕು ನಿಮಗೆ ಯಾರು ಕೊಟ್ಟರು ಎಂದು ನಾನು ಕೇಳಬೇಕಿತ್ತು. ಹಕ್ಕುಗಳ ಮೇಷ್ಟ್ರು ಏನು ಕೇಳಿದೆ ಗೊತ್ತೇ? ನಲ್ಲಿಯಲ್ಲಿ ನೀರು ಯಾವಾಗ ಬಿಡುತ್ತಾರೆ ಎಂದು ಕೇಳಿದೆ.