ಒಲ್ಲೆ ಅನ್ನಲು ಹೋದವನು

ಇಂಗ್ಲಿಷರನ್ನು ನಾನು ಒಂದೇ ವಿಷಯಕ್ಕೆ ಮೆಚ್ಚುತ್ತೇನೆ. ಬೇಡ ಅನ್ನಲು ಅವರ ಬಳಿ ಮಾತುಗಳ ಕಪಾಟೇ ಇದೆ. ಎಂಬತ್ತರ ದಶಕದಲ್ಲಿ ಯಲಬುರ್ಗಾದ ಹೈಸ್ಕೂಲಿನಲ್ಲಿ ಅವನ್ನು ನಾನು ಮೈದುಂಬಿ ಕಲಿಸುತ್ತಿದ್ದೆ. ‘ನೋ ವೇ’ ಎಂದರೆ ಬಾಗಿಲು ಹಾಕಿದ ಹಾಗೆ. ‘ನಾಟ್ ಆನ್ ಯುವರ್ ಲೈಫ್’ ಎಂದರೆ ಅಗಳಿಯನ್ನೂ ಜಡಿದ ಹಾಗೆ. ‘ಓವರ್ ಮೈ ಡೆಡ್ ಬಾಡಿ’ ಎಂದರೆ ನನ್ನ ಹೆಣ ದಾಟಿ ಹೋಗು ಅಂತ. ಅದನ್ನು ಕೇಳಿದ ಇಂಗ್ಲಿಷಿನವನು ಟೋಪಿ ಎತ್ತಿಕೊಂಡು ಹೊರಡುತ್ತಾನಂತೆ. ನಮ್ಮ ಕಡೆ ಹಾಗೆಂದರೂ, ಆಗಲಿ, ಮೊದಲ ಊಟ ಮಾಡ್ರಿ ಅನ್ನುತ್ತಾರೆ. ನಮ್ಮಲ್ಲಿರುವುದು ‘ಒಲ್ಲೆ’ ಒಂದೇ, ಅದನ್ನೂ ಯಾರೂ ನಂಬುವುದಿಲ್ಲ. ಮೊದಲ ಒಲ್ಲೆ ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯದು ಬಾಯಿಂದ ಬರುವಷ್ಟರಲ್ಲಿ ತಾಟು ತುಂಬಿರುತ್ತದೆ.

ಇಂಥ ನನಗೆ ಕಾರಟಗಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಮಗಳನ್ನು ಕೊಡುತ್ತೇನೆಂದು ಹೇಳಿ ಕಳಿಸಿದರು. ಷರತ್ತು ಇಷ್ಟೇ, ಸಾಲೆ ಬಿಟ್ಟು ಮನೆಯಳಿಯನಾಗಿ ಗಿರಣಿಯಲ್ಲಿ ಕೂಡಬೇಕು. ನನಗೋ ಸೀಮೆಸುಣ್ಣದ ಧೂಳೇ ಪ್ರಾಣ, ತೌಡಿನ ಧೂಳಲ್ಲ. ಖಡಾಖಂಡಿತ ಒಲ್ಲೆ ಅಂದು ಬರುತ್ತೇನೆಂದು ಬಸ್ಸು ಹತ್ತಿದೆ. ಗಂಗಾವತಿ ದಾಟುವವರೆಗೂ ಆ ಇಂಗ್ಲಿಷ್ ಮಾತುಗಳನ್ನು ಬಾಯಿಪಾಠ ಮಾಡಿದೆ.

ಪಡಸಾಲೆಯಲ್ಲಿ ಕೂತೊಡನೆ ಮಂಡಾಳ ಒಗ್ಗರಣಿ, ಮಿರ್ಚಿ ಭಜಿ ಬಂದವು. ಒಲ್ಲೆ ಅಂದೆ, ಬಡಿಸಿದರು. ಸಾಕು ಅಂದೆ, ಮತ್ತೆ ಬಡಿಸಿದರು. ತಾಟಿಗೆ ಕೈ ಅಡ್ಡ ಹಿಡಿದೆ, ಕೈಯಲ್ಲೇ ಭಜಿ ಇಟ್ಟರು. ಈ ಲೆಕ್ಕದಲ್ಲಿ ಮಗಳನ್ನು ಒಲ್ಲೆ ಅಂದರೆ ತಲೆಯ ಮೇಲೆ ಅಕ್ಕಿಕಾಳು ಬೀಳುವುದು ಖಾತ್ರಿ ಅನಿಸಿತು. ಕಣ್ಣು ಮುಚ್ಚಿ, ‘ನಾಟ್ ಆನ್ ಯುವರ್ ಲೈಫ್’ ಎಂದುಬಿಟ್ಟೆ. ಜೀವ ಹೋದರೂ ಒಲ್ಲೆ ಅಂತ ಅರ್ಥವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸಾಹುಕಾರರ ಮುಖ ಅರಳಿತು. ಎರಡೆರಡು ಭಾಷೆಯಲ್ಲಿ ಒಲ್ಲೆ ಅನ್ನುವ ಹುಡುಗ ಎಷ್ಟು ಮರ್ಯಾದಸ್ಥನಿರಬೇಕು ಎಂದು ಕೊಂಡಾಡಿ, ಸಂಬಂಧ ಗಟ್ಟಿಯಾದದ್ದಕ್ಕೆ ಬಾಯಿ ಸಿಹಿ ಮಾಡಲು ಸಕ್ಕರೆ ತರುವಂತೆ ಒಳಗೆ ಕೂಗಿ ಹೇಳಿದರು.

ಸಕ್ಕರೆ ತಂದವಳು ಮಗಳೇ. ಬಟ್ಟಲು ಕೆಳಗಿಟ್ಟು ತಣ್ಣಗೆ ಹೇಳಿದಳು:

‘ಮಾಸ್ತರು ಖರೇನ ಒಲ್ಲೆ ಅನ್ನಾಕತ್ತಾರಪ್ಪ. ನಾನೂ ಒಲ್ಲೆ.’

ಸಾಹುಕಾರರು ಮಗಳ ಮುಖ ನೋಡಿದರು. ‘ಆತು ಬಿಡವಾ’ ಅಂದರು. ಅಷ್ಟೇ. ಒತ್ತಾಯವಿಲ್ಲ, ಉಪಚಾರವಿಲ್ಲ, ಆಕೆಯ ಒಂದೇ ಒಲ್ಲೆಗೆ ಎಲ್ಲ ಮುಗಿಯಿತು. ನನ್ನ ಸಾಲೆ ಉಳಿಯಿತು. ಖುಷಿಯಲ್ಲಿ ಕುಣಿಯುವುದೊಂದೇ ಬಾಕಿ, ಅದಕ್ಕೆಂದೇ ಎದ್ದೂ ನಿಂತಿದ್ದೆ. ಆದರೆ ಹುಟ್ಟಿದೂರಿನ ಚಾಳಿ ಎಲ್ಲಿಗೆ ಹೋದೀತು? ‘ಹಂಗಂದ್ರ ಹೆಂಗ್ರಿ, ಸ್ವಲ್ಪರ ವಿಚಾರ ಮಾಡ್ರಿ’ ಎಂದು ಆಕೆಯನ್ನು ನಾನೇ ಒತ್ತಾಯ ಮಾಡತೊಡಗಿದೆ.